ಮದುವೆ ಮನೆಯಲ್ಲಿ ಹೇಳಲಾಗದ ನೋವು

ಕೆಲವು ಕಾಯಿಲೆಗಳಿಗೆ ಒಂದು ಮರ್ಯಾದೆ ಇರುತ್ತದೆ ನೋಡಿ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಮಂಡಿ ನೋವು... ಇವನ್ನೆಲ್ಲ ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಧಾರಾಳವಾಗಿ ಹೇಳಿಕೊಳ್ಳಬಹುದು. "ನಂಗೆ ಶುಗರ್ ರೀ, ಸ್ವಲ್ಪೇ ಹಾಕಿ" ಅಂದರೆ ಪಕ್ಕದವರು "ನಂಗೂ ಹತ್ತು ವರ್ಷ ಆಯ್ತು" ಅಂತ ಖುಷಿಯಿಂದಲೇ ಸೇರಿಕೊಳ್ಳುತ್ತಾರೆ. ಬೈಪಾಸ್ ಆದವರಿಗಂತೂ ಒಂಥರಾ ಗೌರವ. ಆದರೆ "ನಂಗೆ ಒಂದಕ್ಕೆ ಹೋಗೋ ಜಾಗದಲ್ಲಿ ನೋವು, ಹದಿನೈದು ವರ್ಷದಿಂದ" ಅಂತ ಹೇಳಿ ನೋಡಿ. ಬಡಿಸುವವನೂ ಮುಂದಿನ ಎಲೆಗೆ ಓಡಿಹೋಗುತ್ತಾನೆ!

ಶಾಲೆಯಲ್ಲಿ ಕಿರುಬೆರಳು ಎತ್ತಿ "ಒಂದಕ್ಕೆ" ಅಂತ ಕೇಳಲು ಕಲಿತೆವಲ್ಲ, ಅಂಕಿಯ ಹಿಂದೆ ಬಚ್ಚಿಟ್ಟ ಆ ಮಾತನ್ನು ದೊಡ್ಡವರಾದ ಮೇಲೂ ನಾವು ಹೊರಗೆ ತೆಗೆಯಲೇ ಇಲ್ಲ. ಇವತ್ತು ತೆಗೆಯುತ್ತಿದ್ದೇನೆ. ಓದುವ ಗಂಡಸರು ಸಂಕೋಚಪಟ್ಟು ಎದ್ದು ಹೋಗಬೇಡಿ, ನಿಮಗೆ ಸಂಬಂಧಪಟ್ಟದ್ದೂ ಮುಂದೆ ಇದೆ.

ನಾನು ಧಾರವಾಡದವಳು, ೧೯೯೪ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದವಳು, ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಅಂತ ಹಳೆಯ ಓದುಗರಿಗೆ ಗೊತ್ತು. ಗೊತ್ತಿಲ್ಲದ ವಿಷಯ ಏನೆಂದರೆ, ೨೦೦೯ರ ಮಳೆಗಾಲದಿಂದ ನನ್ನ ಜೊತೆ ಇನ್ನೊಬ್ಬ ಪ್ರಯಾಣಿಕ ದಿನಾ ಲೋಕಲ್ ಹತ್ತುತ್ತಿದ್ದಾನೆ. ಅದು ನನ್ನ ಮೂತ್ರಕೋಶದ ನೋವು.

ಮೊದಲು ಎಲ್ಲರಿಗೂ ಬಂದು ಹೋಗುವ ಉರಿಮೂತ್ರ ಅಂತಲೇ ಆಯಿತು. ಬೀದಿ ಕೊನೆಯ ಡಾಕ್ಟರು ಐದು ದಿನದ ಆಂಟಿಬಯಾಟಿಕ್ ಕೊಟ್ಟರು. ಮುಗಿದ ವಾರಕ್ಕೆ ಮತ್ತೆ ಅದೇ. ಇನ್ನೊಂದು ಆಂಟಿಬಯಾಟಿಕ್. ಮೂತ್ರ ಪರೀಕ್ಷೆಗೆ ಕಳಿಸಿದರೆ ಕಲ್ಚರ್ ರಿಪೋರ್ಟಿನಲ್ಲಿ ಪ್ರತೀ ಸಲ ಅದೇ ಎರಡು ಪದ, "ನೋ ಗ್ರೋತ್". ಅಂದರೆ ಕ್ರಿಮಿ ಇಲ್ಲ. ಕ್ರಿಮಿ ಇಲ್ಲ ಅಂದರೆ ರೋಗ ಇಲ್ಲ, ರೋಗ ಇಲ್ಲ ಅಂದರೆ ನೋವೂ ಇರಬಾರದು ಅನ್ನುವುದು ಅವರ ಲೆಕ್ಕ. "ರಿಪೋರ್ಟ್ ನಾರ್ಮಲ್ ಇದೆ ಮೇಡಂ, ಟೆನ್ಶನ್ ಮಾಡ್ಕೋಬೇಡಿ" ಅಂತ ಮೂರು ಜನ ಡಾಕ್ಟರು ಮೂರು ಭಾಷೆಯಲ್ಲಿ ಹೇಳಿದರು. ಒಬ್ಬರು ಮನಸ್ಸಿಗೆ ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಅಂದರು. ಹಗಲಿಗೆ ಇಪ್ಪತ್ತೈದು ಸಲ, ರಾತ್ರಿಗೆ ಐದಾರು ಸಲ ಏಳುವವಳಿಗೆ ಹವ್ಯಾಸಕ್ಕೆ ಸಮಯ ಎಲ್ಲಿಂದ ತರುವುದು ಹೇಳಿ?

ನೋವು ಹೇಗಿತ್ತು ಅಂತ ಹೇಳುವುದೂ ಒಂದು ಕಷ್ಟ. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಜಲನ್ ಹೈ ಕ್ಯಾ?" ಉರಿ ಇತ್ತು, ಆದರೆ ಅಷ್ಟೇ ಅಲ್ಲ. ಒಳಗೆ ಹಸಿ ಗಾಯವನ್ನು ಯಾರೋ ಹಿಡಿದು ಜಗ್ಗಿದ ಹಾಗೆ. ಸ್ವಲ್ಪ ತುಂಬಿಕೊಂಡರೆ ಸಾಕು, ಜಗ್ಗಾಟ ಶುರು. ಹೋಗಿ ಬಂದರೆ ಹತ್ತು ನಿಮಿಷ ಪುಣ್ಯ. ಮತ್ತೆ ಶುರು. "ಜಗ್ಗುವುದು" ಅನ್ನುವುದಕ್ಕೆ ಹಿಂದಿಯಲ್ಲಿ ಏನನ್ನಬೇಕು ಅಂತ ಯೋಚಿಸುವಷ್ಟರಲ್ಲಿ ಡಾಕ್ಟರು ಮುಂದಿನ ನಂಬರಿಗೆ ಗಂಟೆ ಒತ್ತಿರುತ್ತಿದ್ದರು.

ಇನ್ನು ಮುಂಬಯಿಯ ಲೋಕಲ್. ನಿಮಗೆಲ್ಲ ಗೊತ್ತೇ ಇದೆ, ಅದರಲ್ಲಿ ಶೌಚಾಲಯ ಇಲ್ಲ. ಡೊಂಬಿವಲಿಯಿಂದ ವಿ.ಟಿ.ಗೆ ಫಾಸ್ಟ್ ಗಾಡಿಯಲ್ಲೂ ಒಂದು ಗಂಟೆ ಮೇಲೆ (ಹೆಸರು ಸಿಎಸ್‌ಟಿ ಆಯಿತು, ೨೦೧೭ರಲ್ಲಿ ಸಿಎಸ್‌ಎಂಟಿಯೂ ಆಯಿತು, ನಮ್ಮ ಬಾಯಲ್ಲಿ ಇನ್ನೂ ವಿ.ಟಿ.ಯೇ). ನಾನು ಠಾಣೆಯಲ್ಲಿ ಒಮ್ಮೆ, ದಾದರಿನಲ್ಲಿ ಒಮ್ಮೆ ಇಳಿದು, ಮುಂದಿನ ಗಾಡಿ ಹಿಡಿದು ಆಫೀಸು ಮುಟ್ಟುತ್ತಿದ್ದೆ. ಯಾವ ಸ್ಟೇಷನ್ನಿನ ಹೆಂಗಸರ ಶೌಚಾಲಯ ಎಷ್ಟು ಗಂಟೆಗೆ ತೆಗೆಯುತ್ತಾರೆ, ಯಾವುದಕ್ಕೆ ಬೀಗ, ಯಾವುದರಲ್ಲಿ ಚಿಲಕ ಇಲ್ಲ, ಎಲ್ಲಿ ಚಿಲ್ಲರೆ ಬೇಕು... ಎಲ್ಲ ಬಾಯಿಪಾಠ. ಗಂಡಸರಿಗೆ ಬಿಟ್ಟಿ, ಹೆಂಗಸರಿಗೆ ಮಾತ್ರ ದುಡ್ಡು ಅನ್ನುವ ನ್ಯಾಯದ ವಿರುದ್ಧ ೨೦೧೧ರಲ್ಲಿ ಮುಂಬಯಿಯ ಕೆಲವು ಸಂಘಟನೆಗಳು "ರೈಟ್ ಟು ಪೀ" ಅಂತ ಚಳವಳಿ ಶುರು ಮಾಡಿದಾಗ ನಮ್ಮ ಆಫೀಸಿನಲ್ಲಿ ಆ ಹೆಸರು ಓದಿ ಎಲ್ಲರೂ ನಕ್ಕರು. ನನಗೆ ಮಾತ್ರ ಯಾರೋ ನನ್ನ ಪರವಾಗಿ ಪೇಪರಿನಲ್ಲಿ ಬರೆದ ಹಾಗನಿಸಿತು.

೨೦೧೩ರ ಹೊತ್ತಿಗೆ ನಾನು ಊರಿಗೆ ಹೋಗುವುದು, ಸಿನೆಮಾ, ನಾಟಕ, ಸಂಘದ ಕಾರ್ಯಕ್ರಮ ಎಲ್ಲ ನಿಂತಿತ್ತು. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡು ಎರಡು ತಿಂಗಳು ಓಡಾಡಿದ್ದೇನೆ. ಮನೆಯಲ್ಲಿ ಇವರೂ ಸುಮ್ಮನಾಗಿದ್ದರು. ಗಂಡ ಹೆಂಡತಿ ಹತ್ತಿರ ಬರುವುದೂ ನೋವೇ ಆಗಿಬಿಟ್ಟರೆ ಏನು ಮಾತಾಡುವುದು? ಅವರು ನನಗೆ ಬೇಸರ ಬಂದಿದೆ ಅಂದುಕೊಂಡರು, ನಾನು ಅವರಿಗೆ ಬೇಸರ ಬಂದಿದೆ ಅಂದುಕೊಂಡೆ. ಒಂದೇ ಬೆಡ್‌ರೂಮಿನ ಮನೆಯಲ್ಲಿ ಇಬ್ಬರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆವು.

ಆ ವರ್ಷ ಯಾರೋ ಹೇಳಿದರೆಂದು ಹೋದ ಯುರಾಲಜಿಸ್ಟ್ ಒಬ್ಬರು ರಿಪೋರ್ಟಿನ ಕಟ್ಟನ್ನು ಬದಿಗಿಟ್ಟು ಒಂದು ಪ್ರಶ್ನೆ ಕೇಳಿದರು. "ನೋವು ಯಾವಾಗ ಜಾಸ್ತಿ? ತುಂಬಿದಾಗಲೋ, ಖಾಲಿ ಮಾಡುವಾಗಲೋ?" ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ! ಮೂರು ದಿನ ಪ್ಲಾಸ್ಟಿಕ್ ಅಳತೆ ಲೋಟದಲ್ಲಿ ಪ್ರತೀ ಸಲದ್ದೂ ಅಳೆದು ಬರೆದುಕೊಂಡು ಬನ್ನಿ ಅಂದರು. ದೊಡ್ಡವರ ಮೂತ್ರಕೋಶ ಸಾಧಾರಣ ೪೦೦-೫೦೦ ಮಿ.ಲೀ. ಹಿಡಿಯುತ್ತದಂತೆ. ನನ್ನ ಡೈರಿಯಲ್ಲಿ ೧೨೦ ದಾಟಿದ್ದೇ ಇಲ್ಲ.

ಆಮೇಲೆ ಪರೀಕ್ಷೆಗಳ ಸಾಲು. ಇದಕ್ಕೆ ಇಂಥದ್ದೇ ಒಂದು ಪರೀಕ್ಷೆ ಅಂತ ಇಲ್ಲ. ಕಲ್ಲು ಇಲ್ಲ, ಕ್ಯಾನ್ಸರ್ ಇಲ್ಲ, ಮೂತ್ರಕೋಶದ ಟಿಬಿ ಇಲ್ಲ (ನಮ್ಮ ದೇಶದಲ್ಲಿ ಇದನ್ನು ನೋಡಲೇಬೇಕು ಅಂದರು), ಸೋಂಕು ಇಲ್ಲ ಅಂತ ಒಂದೊಂದನ್ನೇ ತೆಗೆದುಹಾಕುತ್ತಾ ಹೋದ ಮೇಲೆ ಕೊನೆಗೆ ಉಳಿಯುವುದು ಇದು. ಅರಿವಳಿಕೆ ಕೊಟ್ಟು ದೂರ್ಬೀನು ಹಾಕಿ ಒಳಗೂ ನೋಡಿದರು. ಹೆಸರು ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್. ಬ್ಲಾಡರ್ ಪೇನ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಹೊಸ ರೋಗವೇನಲ್ಲ, ಈ ಹೆಸರು ೧೮೮೭ರಷ್ಟು ಹಳೆಯದು. ಒಳಗೋಡೆಯ ರಕ್ಷಣೆಯ ಪದರ ಸವೆಯುವುದು, ನರಗಳು ಅತಿಯಾಗಿ ಚುರುಕಾಗುವುದು, ಸೊಂಟದ ಕೆಳಗಿನ ಸ್ನಾಯುಗಳು ಬಿಗಿದುಕೊಳ್ಳುವುದು ಹೀಗೆ ಹಲವು ಸೇರಿರುತ್ತವೆ, ಕಾರಣ ಇಂಥದ್ದೇ ಒಂದು ಅಂತ ವೈದ್ಯಶಾಸ್ತ್ರ ಇನ್ನೂ ತೀರ್ಮಾನಿಸಿಲ್ಲ. "ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಹಿಡಿತದಲ್ಲಿ ಇಡಬಹುದು" ಅಂದರು. ನನಗೆ ಆ ಕ್ಷಣಕ್ಕೆ ಗುಣವಾಗುವುದಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಹೆಸರು. ರಿಕ್ಷಾದಲ್ಲಿ ಕೂತು ಆ ಉದ್ದದ ಹೆಸರನ್ನು ಮಂತ್ರದ ಹಾಗೆ ನಾಲ್ಕು ಸಲ ಹೇಳಿಕೊಂಡೆ.

ಆದರೆ ನಾನು ಇವತ್ತು ಬರೆಯಲು ಹೊರಟಿದ್ದು ಡಾಕ್ಟರ ವಿಷಯವಲ್ಲ. ಅಕ್ಕನ ವಿಷಯ.

ಎರಡನೆಯ ಸಲ ಅದೇ ಡಾಕ್ಟರ ಹತ್ತಿರ ಹೋದಾಗ ಕಾಯುವ ಬೆಂಚಿನಲ್ಲಿ ಪಕ್ಕದ ಹೆಂಗಸು ಫೋನಿನಲ್ಲಿ "ಇಲ್ಲ ಕಣೋ, ಇನ್ನೂ ನನ್ನ ನಂಬರ್ ಬಂದಿಲ್ಲ, ಮೊಸರನ್ನ ತಂದಿದೀನಿ ಬಿಡು" ಅನ್ನುತ್ತಿದ್ದರು. ಹೊರನಾಡಿನಲ್ಲಿ ಇರುವವರಿಗೆ ಗೊತ್ತು, ಆಸ್ಪತ್ರೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅರ್ಧ ಜ್ವರ ಇಳಿಯುತ್ತದೆ. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ಮೈಸೂರಿನವರು, ಮಾಟುಂಗಾದಲ್ಲಿ ನಲವತ್ತು ವರ್ಷದಿಂದ ಇದ್ದಾರೆ. ಊರು, ಮನೆತನ, ಮಕ್ಕಳು ಎಷ್ಟು ಅಂತೆಲ್ಲ ಕೇಳುವ ಮೊದಲೇ ಅವರು ಕೇಳಿದ್ದು, "ರಾತ್ರಿ ಎಷ್ಟು ಸಲ ಏಳ್ತೀರಾ?"

"ಐದಾರು ಸಲ."

"ನಂದು ಮೊದಲು ಎಂಟು ಇತ್ತು. ಈಗ ಎರಡು" ಅಂದರು, ಮಗ ಕ್ಲಾಸಿಗೆ ಫಸ್ಟ್ ಬಂದ ಅಂತ ಹೇಳುವವರ ಹಾಗೆ.

ನನಗೆ ಅಲ್ಲೇ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಬ್ಯಾಗಿನಿಂದ ಬಿಸಿನೀರಿನ ರಬ್ಬರ್ ಚೀಲ ತೆಗೆದು ನನ್ನ ತೊಡೆ ಮೇಲಿಟ್ಟು "ಮೊದಲು ಇದನ್ನ ಒತ್ಕೊಳ್ಳಿ, ಆಮೇಲೆ ಅಳಿ" ಅಂದರು!

ನಂತರದ ವರ್ಷಗಳಲ್ಲಿ ಅಕ್ಕ ನನಗೆ ಕಲಿಸಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಅಡುಗೆಮನೆ. ಚಹಾ, ಕಾಫಿ, ಟೊಮ್ಯಾಟೊ, ನಿಂಬೆ, ಕಿತ್ತಳೆ, ಖಾರ, ಸೋಡಾ ಹಾಕಿದ ಪಾನೀಯ, ಇವು ನಮ್ಮಂಥವರಲ್ಲಿ ಬಹಳ ಜನಕ್ಕೆ ಆಗುವುದಿಲ್ಲ. ಹಾಗಂತ ಎಲ್ಲ ಎಲ್ಲರಿಗೂ ಕೆಟ್ಟದ್ದಲ್ಲ. ಕೆಲವು ವಾರ ಎಲ್ಲ ಬಿಟ್ಟು, ಆಮೇಲೆ ಒಂದೊಂದೇ ವಾಪಸ್ ತಂದು, ಯಾವುದಕ್ಕೆ ನೋವು ಏಳುತ್ತದೆ ಅಂತ ಬರೆದಿಡಬೇಕು. ಧಾರವಾಡದವಳಿಗೆ ರೊಟ್ಟಿ ಜೊತೆ ಕೆಂಪು ಚಟ್ನಿ ಬಿಡು ಅಂದರೆ ಜೀವ ಬಿಡು ಅಂದ ಹಾಗೆ. ಬರೆದು ನೋಡಿದರೆ ನನಗೆ ದೊಡ್ಡ ಶತ್ರು ಚಹಾ ಮತ್ತು ಟೊಮ್ಯಾಟೊ. ಹುಣಸೆಹುಳಿ ಸ್ವಲ್ಪ ತಡೆಯುತ್ತದೆ. ಎಣಗಾಯಿ ಖಾರ ಕಡಿಮೆ ಮಾಡಿ ಈಗಲೂ ತಿನ್ನುತ್ತೇನೆ. ಎಲ್ಲರೂ ಪ್ರೀತಿಯಿಂದ ಕುಡಿಸುತ್ತಿದ್ದ ನಿಂಬೆ ಪಾನಕ, ದುಬಾರಿ ಕ್ರಾನ್‌ಬೆರಿ ರಸ ಎರಡೂ ಹುಳಿ, ಎರಡೂ ಬೆಂಕಿಗೆ ತುಪ್ಪ. ನೀರನ್ನು ಹೆದರಿ ಬಿಟ್ಟರೂ ಕಷ್ಟ, ಮೂತ್ರ ಗಟ್ಟಿಯಾಗಿ ಇನ್ನೂ ಉರಿಯುತ್ತದೆ. ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು.

ಎರಡನೆಯದು ಮಾತ್ರೆ. ಡಾಕ್ಟರು ರಾತ್ರಿಗೆ ಅಮಿಟ್ರಿಪ್ಟಿಲಿನ್ ಅಂತ ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟಿದ್ದರು. ಅಂಗಡಿಯವನು ಮುಖ ನೋಡಿದ, ನಾದಿನಿ "ಇದು ಡಿಪ್ರೆಶನ್ ಗುಳಿಗಿ ಅಲ್ಲೇನ್ರೀ ವೈನಿ?" ಅಂದಳು. ಹೌದು, ಹಳೆಯ ಕಾಲದ ಖಿನ್ನತೆಯ ಮಾತ್ರೆಯೇ. ಸಣ್ಣ ಪ್ರಮಾಣದಲ್ಲಿ ನೋವಿನ ನರಗಳನ್ನು ತಣ್ಣಗೆ ಮಾಡುತ್ತದೆ ಅಂತ ಅಕ್ಕ ಬಿಡಿಸಿ ಹೇಳದಿದ್ದರೆ ಆ ಚೀಟಿ ಪರ್ಸಿನಲ್ಲೇ ಇರುತ್ತಿತ್ತು. ಅಕ್ಕ ಪೆಂಟೋಸಾನ್ ಅನ್ನುವ ಇನ್ನೊಂದು ಔಷಧಿ ವರ್ಷಗಟ್ಟಲೆ ತೆಗೆದುಕೊಂಡಿದ್ದರು. ಅದನ್ನು ಬಹಳ ಕಾಲ ತೆಗೆದುಕೊಂಡ ಕೆಲವರಲ್ಲಿ ಕಣ್ಣಿನ ಅಕ್ಷಿಪಟಲಕ್ಕೆ ಹಾನಿ ಕಂಡಿದೆ ಅಂತ ೨೦೧೮ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು, ೨೦೨೦ರಲ್ಲಿ ಅಲ್ಲಿ ಔಷಧಿಯ ಚೀಟಿಯಲ್ಲೇ ಎಚ್ಚರಿಕೆ ಸೇರಿತು. ಅಕ್ಕ ಕಣ್ಣು ಪರೀಕ್ಷೆ ಮಾಡಿಸಿಕೊಂಡು, ನಮ್ಮೆಲ್ಲರಿಗೂ ಫೋನ್ ಮಾಡಿ ಹೇಳಿದರು. ನೀವು ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಮೂರನೆಯದು ವ್ಯಾಯಾಮ. ಯಾರೋ ಹೇಳಿದ್ದರು, ಕೆಳಗಿನ ಸ್ನಾಯು ಬಿಗಿ ಹಿಡಿಯುವ ಕೆಗೆಲ್ ವ್ಯಾಯಾಮ ಮಾಡು ಅಂತ. ಅಕ್ಕ ಕರೆದುಕೊಂಡು ಹೋದ ಫಿಸಿಯೋಥೆರಪಿ ಹುಡುಗಿ ಪರೀಕ್ಷಿಸಿ "ನಿಮ್ಮ ಸ್ನಾಯು ಮೊದಲೇ ಬಿಗಿದುಕೊಂಡಿದೆ, ನಿಮಗೆ ಬೇಕಾಗಿರುವುದು ಸಡಿಲ ಬಿಡುವುದು" ಅಂದಳು. ಉಸಿರಾಟದ ಜೊತೆ ಸಡಿಲ ಬಿಡಲು ಕಲಿಯಲಿಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಇಷ್ಟು ವರ್ಷ ಈ ಊರಿನಲ್ಲಿ ಎಲ್ಲವನ್ನೂ ಬಿಗಿ ಹಿಡಿದೇ ಬದುಕಿದವರಿಗೆ ಅದು ಸುಲಭವಲ್ಲ ಬಿಡಿ.

ನಾಲ್ಕನೆಯದು ಆಫೀಸು. ಬ್ಯಾಗಿನಲ್ಲಿದ್ದ ರಾಜೀನಾಮೆ ಪತ್ರವನ್ನು ಅಕ್ಕ ಓದಿದರು. "ಇಂಗ್ಲಿಷ್ ಚೆನ್ನಾಗಿದೆ. ಇದೇ ಇಂಗ್ಲಿಷಿನಲ್ಲಿ ಬಾತ್‌ರೂಮ್ ಪಕ್ಕದ ಸೀಟು ಕೇಳಿ" ಅಂದರು. ಡಾಕ್ಟರಿಂದ ನಾಲ್ಕು ಸಾಲಿನ ಪತ್ರ ಬರೆಸಿದೆ. ಎದ್ದು ಹೋದದ್ದನ್ನು ಗಡಿಯಾರ ನೋಡಿ ಎಣಿಸುತ್ತಿದ್ದ ಸಾಹೇಬರು ಪತ್ರ ಓದಿ, ಗಂಟಲು ಸರಿಮಾಡಿಕೊಂಡು, ಮರುದಿನವೇ ಸೀಟು ಬದಲಾಯಿಸಿಕೊಟ್ಟರು. ಬರುವ ಹೋಗುವ ಸಮಯವನ್ನೂ ಒಂದು ಗಂಟೆ ಸರಿಸಿದರು. ಆ ನೌಕರಿ ಇವತ್ತಿಗೂ ಇದೆ. ಮಗಳ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಆ ಸೀಟಿನಲ್ಲಿ ಕೂತೇ.

ಐದನೆಯದನ್ನು ಬರೆಯಲು ಇನ್ನೂ ನಾಚಿಕೆ. ಒಂದು ಭಾನುವಾರ ಅಕ್ಕ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಊಟವಾದ ಮೇಲೆ ಅವರ ಯಜಮಾನರು ಇವರನ್ನು ಮಾಟುಂಗಾ ಮಾರ್ಕೆಟ್ಟಿಗೆ ಎಲೆ ಅಡಿಕೆ ತರೋಣ ಬನ್ನಿ ಅಂತ ಕರೆದುಕೊಂಡು ಹೋದರು. ಎಲೆ ಅಡಿಕೆಗೆ ಎರಡು ಗಂಟೆ! ಏನು ಮಾತಾಡಿದರೋ ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಅವತ್ತು ವಾಪಸ್ ಬರುವಾಗ ಠಾಣೆಯಲ್ಲಿ ನಾನು ಏನೂ ಹೇಳುವ ಮೊದಲೇ ಇವರು ಎದ್ದು "ನಡಿ, ಇಲ್ಲೇ ಇಳಿಯೋಣು" ಅಂದರು. ರಾತ್ರಿ ಬಿಸಿನೀರಿನ ಚೀಲ ತುಂಬಿ ತಂದರು. ಗೋಡೆಗೆ ಮುಖ ಮಾಡುವುದು ಅವತ್ತಿನಿಂದ ನಿಂತಿತು.

ಅಕ್ಕನ ಹತ್ತಿರ ನಾನು ಮೂರನೆಯವಳಂತೆ. ನಾವೀಗ ಏಳು ಜನ. ನಾಲಾಸೋಪಾರದ ಮರಾಠಿ ಹುಡುಗಿ, ಘಾಟ್‌ಕೋಪರಿನ ಗುಜರಾತಿ ಟೀಚರು, ಹೀಗೆ. ಮುಲುಂಡಿನಲ್ಲಿ ಹೋಟೆಲ್ ಇಟ್ಟ ಕುಂದಾಪುರದ ಒಬ್ಬ ಯಜಮಾನರೂ ಇದ್ದಾರೆ. ಗಂಡಸರಿಗೂ ಬರುತ್ತದೆ ರೀ. ಪ್ರಾಸ್ಟೇಟ್ ಅಂತ ಅವರಿಗೆ ಆರು ವರ್ಷ ಬೇರೆಯದೇ ಔಷಧಿ ನಡೆದಿತ್ತು. ಎರಡು ಮೂರು ತಿಂಗಳಿಗೊಮ್ಮೆ ಅಕ್ಕನ ಮನೆಯಲ್ಲಿ ಸೇರುತ್ತೇವೆ. ಅಲ್ಲಿ ಯಾರು ಎಷ್ಟು ಸಲ ಎದ್ದು ಹೋದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮಾತು ಎಲ್ಲಿ ನಿಂತಿತ್ತೋ ವಾಪಸ್ ಬಂದ ಮೇಲೆ ಅಲ್ಲಿಂದಲೇ. ಮರಾಠಿಯವರು "ಕಳ" ಅನ್ನುತ್ತಾರೆ, ನಾನು "ಜಗ್ತದ" ಅನ್ನುತ್ತೇನೆ, ಅಕ್ಕ "ಹಿಂಡುತ್ತೆ" ಅನ್ನುತ್ತಾರೆ. ಎಲ್ಲರಿಗೂ ಎಲ್ಲ ಅರ್ಥವಾಗುತ್ತದೆ.

ಇಂಥ ಕೂಟಗಳು ಸುಮ್ಮನೆ ದುಃಖ ಹಂಚಿಕೊಳ್ಳಲು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ವಿಕಿ ರಾಟ್ನರ್ ಅನ್ನುವ ವೈದ್ಯಕೀಯ ವಿದ್ಯಾರ್ಥಿನಿಗೆ ಇದೇ ನೋವು ಬಂದಾಗ ಡಾಕ್ಟರ ಮೇಲೆ ಡಾಕ್ಟರು ಏನೂ ಇಲ್ಲ ಅಂತಲೇ ಹೇಳಿ ಕಳಿಸಿದ್ದರು. ಆಕೆ ೧೯೮೪ರಲ್ಲಿ ರೋಗಿಗಳ ಸಂಘ ಕಟ್ಟಿದರು, ಇದು ಮನಸ್ಸಿನ ರೋಗ ಅನ್ನುತ್ತಿದ್ದ ಕಾಲವನ್ನು ಬದಲಿಸುವುದರಲ್ಲಿ ಆ ಸಂಘದ ಪಾಲು ದೊಡ್ಡದು. ನಮ್ಮ ದೇಶದಲ್ಲೂ ಈಗ ಗಿಬ್ಸ್ ಅಂತ ವೈದ್ಯರೇ ಕಟ್ಟಿದ ಸಂಸ್ಥೆ ಇದೆ, ಈ ಒಂದು ಕಾಯಿಲೆಗಾಗಿಯೇ. ನಮ್ಮ ಏಳು ಜನರ ಕೂಟಕ್ಕೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಮೊಸರನ್ನ ಮಾತ್ರ ಇದೆ.

೨೦೧೬ರಲ್ಲಿ ಅವ್ವ ಹಾಸಿಗೆ ಹಿಡಿದಳು. ರಾತ್ರಿ ಹತ್ತಕ್ಕೆ ಅಣ್ಣನ ಫೋನ್, "ಈಗಲೇ ಹೊರಡು". ರೈಲಾದರೆ ನನಗೆ ಚಿಂತೆಯಿಲ್ಲ, ದಾದರಿನಿಂದ ಹೊರಡುವ ಗಾಡಿಗಳಲ್ಲಿ ಶೌಚಾಲಯವಾದರೂ ಇರುತ್ತದೆ. ಅವತ್ತು ಸಿಕ್ಕಿದ್ದು ಮೈದುನನ ಕಾರು. ಗುರುತಿಲ್ಲದ ಡ್ರೈವರು, ಮೈದುನ, ಇವರು, ನಾನು. ರಾತ್ರಿಯೆಲ್ಲ ಹೈವೇ. ನನಗೆ ಕೈಕಾಲು ನಡುಗಿತು. ಅಕ್ಕನಿಗೆ ಫೋನ್ ಮಾಡಿದೆ. ಅವರು ಅಂದದ್ದು ಇಷ್ಟೇ, "ಹೊರಡೋಕೆ ಮುಂಚೆ ಎಲ್ಲರ ಎದುರಿಗೆ ಒಂದೇ ಸಲ ಹೇಳಿಬಿಡು. ಪ್ರತಿ ಸಲ ಕೇಳೋ ಹಾಗೆ ಇಟ್ಕೋಬೇಡ."

ಹೇಳಿದೆ. "ನನಗೆ ಮೂತ್ರಕೋಶದ ಕಾಯಿಲೆ ಅದ. ಮುಕ್ಕಾಲು ತಾಸಿಗೊಮ್ಮೆ ನಿಲ್ಲಿಸಬೇಕು, ಎಲ್ಲಿ ಆದ್ರೂ ಸರಿ." ಮೈದುನ ನೆಲ ನೋಡಿದ. ಡ್ರೈವರು, ಸಾಂಗ್ಲಿ ಕಡೆಯ ಹುಡುಗ, "ಠೀಕ್ ಆಹೇ ಮಾವಶಿ" ಅಂದು ಫೋನಿನಲ್ಲಿ ಅಲಾರಂ ಇಟ್ಟುಕೊಂಡ! ಧಾರವಾಡ ಮುಟ್ಟುವವರೆಗೆ ಅವನೇ ಪೆಟ್ರೋಲ್ ಬಂಕು ನೋಡಿ ನೋಡಿ ನಿಲ್ಲಿಸಿದ, ನಾನು ಒಮ್ಮೆಯೂ ಬಾಯಿ ತೆರೆಯಬೇಕಾಗಲಿಲ್ಲ.

ಅವ್ವನಿಗೆ ಮಾತು ಇತ್ತು. ಮೂತ್ರಕ್ಕೆ ನಳಿಗೆ ಹಾಕಿದ್ದರು, ಮಂಚದ ಬದಿಗೆ ಚೀಲ ತೂಗುತ್ತಿತ್ತು. ನನ್ನ ಕೈ ಹಿಡಿದು, "ಈಗ ಗೊತ್ತಾತ ನೋಡವಾ ನಿನ್ನ ತ್ರಾಸು. ಇಷ್ಟು ವರ್ಷ ಹೆಂಗ ತಡಕೊಂಡಿ?" ಅಂದಳು. ಒಂಬತ್ತು ದಿನ ಅವಳ ಹತ್ತಿರ ಇದ್ದೆ. ಹತ್ತನೆಯ ದಿನ ಹೋದಳು. ಆ ಒಂಬತ್ತು ದಿನ ನನಗೆ ಸಿಕ್ಕಿದ್ದು ಅಕ್ಕನ ಆ ಒಂದು ಮಾತಿನಿಂದ.

ಈಗ ಹೇಗಿದ್ದೀಯಾ ಅಂದರೆ, ಹಗಲಿಗೆ ಹತ್ತು ಹನ್ನೆರಡು ಸಲ, ರಾತ್ರಿಗೆ ಎರಡು. ವರ್ಷದಲ್ಲಿ ಮೂರು ನಾಲ್ಕು ಸಲ ನೋವು ಏರುತ್ತದೆ, ಆಗ ರಜೆ ಹಾಕಿ ಬಿಸಿನೀರಿನ ಚೀಲ ಹಿಡಿದು ಮಲಗುತ್ತೇನೆ. ಹೋದ ವರ್ಷ ಮೈಸೂರು ಅಸೋಸಿಯೇಷನ್ನಿನಲ್ಲಿ ಒಂದು ನಾಟಕ ಪೂರ್ತಿ ನೋಡಿದೆ, ಕೊನೆ ಸಾಲಿನ ತುದಿ ಸೀಟಿನಲ್ಲಿ ಕೂತು. ಅಕ್ಕನಿಗೆ ಎಪ್ಪತ್ತು ದಾಟಿತು, ಮಂಡಿ ನೋವು ಶುರುವಾಗಿದೆ. "ಇದಾದ್ರೂ ಮದುವೆ ಮನೇಲಿ ಹೇಳ್ಕೊಳ್ಳೋ ಅಂಥದ್ದು ಕಣೇ" ಅಂತ ನಗುತ್ತಾರೆ.

ಓದುತ್ತಿರುವವರಲ್ಲಿ ಯಾರಿಗಾದರೂ, ಪುಣೆಯಲ್ಲೋ ಚೆನ್ನೈಯಲ್ಲೋ ದಿಲ್ಲಿಯಲ್ಲೋ ಕೂತವರಿಗೆ, ತುಂಬಿದಾಗ ನೋವು, ಖಾಲಿಯಾದರೆ ಸ್ವಲ್ಪ ಆರಾಮ, ಕಲ್ಚರ್ ಮಾತ್ರ ಪ್ರತೀ ಸಲ ನಾರ್ಮಲ್ ಅಂತಿದ್ದರೆ, ಮೂರು ದಿನದ ಡೈರಿ ಬರೆದುಕೊಂಡು ಯುರಾಲಜಿಸ್ಟರ ಹತ್ತಿರ ಹೋಗಿ. ಮೂತ್ರದಲ್ಲಿ ರಕ್ತ ಕಂಡರೆ ಒಂದು ದಿನವೂ ತಡ ಮಾಡಬೇಡಿ, ಅದನ್ನು ಬೇರೆಯಾಗಿಯೇ ನೋಡಬೇಕು. ಮತ್ತೆ, ಕಾಯುವ ಬೆಂಚಿನಲ್ಲಿ ಪಕ್ಕದವರು ಕಾಲು ಮಡಚಿ ಮುಖ ಹಿಂಡಿಕೊಂಡು ಕೂತಿದ್ದರೆ, ರಾತ್ರಿ ಎಷ್ಟು ಸಲ ಏಳ್ತೀರಿ ಅಂತ ಒಮ್ಮೆ ಕೇಳಿ ನೋಡಿ. ನನ್ನನ್ನು ಯಾರೋ ಹಾಗೆ ಕೇಳಿದ್ದರು.